ಗಂಧದ ಹಾರ ಹಾಕಿಸಿಕೊಂಡ ಗುರುದೇವಿ ಟೀಚರ್

ಶಾಲಾ ವರ್ಷದ ಕಡೆಯ ದಿನ ಏಳನೆಯ ತರಗತಿಯ ಬಾಗಿಲು ದಾಟಿದ ಗುರುದೇವಿ ಟೀಚರ್ ಅಲ್ಲೇ ನಿಂತುಬಿಟ್ಟರು. ಎದುರಿನ ಗೋಡೆಯಲ್ಲಿ, ಮಹಾತ್ಮರ ಪಟಗಳ ಸಾಲಿನ ತುದಿಗೆ, ತಮ್ಮದೇ ಫೋಟೋ ತೂಗುತ್ತಿತ್ತು. ಅದಕ್ಕೊಂದು ಗಂಧದ ಚಕ್ಕೆಯ ಹಾರ. ಕೆಳಗೆ ಬೆಂಚಿನ ಮೇಲೆ ಊದಿನಕಡ್ಡಿ ಹೊಗೆಯಾಡುತ್ತಿತ್ತು. ಒಡೆದ ತೆಂಗಿನಕಾಯಿಯೂ ಇತ್ತು.

ಬದುಕಿರುವವರ ಫೋಟೋಕ್ಕೆ ಯಾರಾದರೂ ಇಂಥ ಹಾರ ಹಾಕುತ್ತಾರೆಯೇ? ಖಾತ್ರಿ ಮಾಡಿಕೊಳ್ಳುವವರಂತೆ ಅವರು ತಮ್ಮ ಕೈಬಳೆಗಳನ್ನು ಮುಟ್ಟಿ ನೋಡಿಕೊಂಡರು.

"ಯಾರು ಮಾಡೀರಿ ಇದನ್ನ?"

ತರಗತಿಯ ನಾಯಕಿ ಅಂಬಿಕಾ ಹೆಮ್ಮೆಯಿಂದ ಎದ್ದು ನಿಂತಳು. "ನಾವೆಲ್ಲಾ ಕೂಡಿ ಮಾಡೀವ್ರಿ ಟೀಚರ್. ದೊಡ್ಡವರ ಫೋಟೋಕ್ಕ ಹಾರ ಹಾಕಿ ಊದಿನಕಡ್ಡಿ ಹಚ್ಚಬೇಕಂತ ಜಯಂತಿ ಬಂದಾಗೆಲ್ಲಾ ನೀವೇ ಹೇಳೀರಲ್ರಿ."

"ಈ ಹಾರ ಎಲ್ಲಿದು?"

"ಸೇಡಂದಾಗ ಫ್ರೇಮ್ ಹಾಕ್ತಾರಲ್ರಿ, ಮಜೀದಸಾಬ, ಅವರೇ ಪುಕ್ಕಟ ಕೊಟ್ರು. ನಿಮ್ಮ ಫೋಟೋ ನೋಡಿ ಪಾಪ ಅಂತ ಭಾಳ ಮರಗಿದ್ರು."

ಅಷ್ಟರಲ್ಲಿ ಬಿಸಿಯೂಟದ ಇಮಾಮ್‌ಬೀ ಶಿರಾದ ಪಾತ್ರೆ ಹೊತ್ತು ಒಳಗೆ ಬಂದಳು. ಗೋಡೆ ನೋಡಿದಳು, ಟೀಚರನ್ನು ನೋಡಿದಳು. "ಯಾ ಅಲ್ಲಾ. ಜೀವಂತ ಮನುಷ್ಯಾರನ್ನ ಗೋಡಿಗೇರಿಸೀರೇನ್ರೋ? ಇಳಸ್ರಿ ಮೊದಲ."

ಮಕ್ಕಳ ಮುಖ ಸಣ್ಣದಾಯಿತು. ಕಲ್ಲುಗಣಿಗೆ, ಹೊಲಕ್ಕೆ ಕೂಲಿಗೆ ಹೋಗುವವರ ಮಕ್ಕಳವು. ಕಾಗಿಣಾ ಹೊಳೆಯ ದಂಡೆಯ ಆ ಊರಿನಲ್ಲಿ ಇಂಥವರಿಗೆ ಅಕ್ಷರ ತಿದ್ದಿಸುತ್ತಲೇ ಟೀಚರ ತಲೆ ನರೆತಿತ್ತು. ಬೈಯಲು ಬಾಯಿ ಬರಲಿಲ್ಲ. "ಇರಲಿ ಇಮಾಮ್‌ಬೀ, ತಿಳೀಲಾರದ ಮಾಡ್ಯಾವ," ಎಂದು ಹಾರಕ್ಕೆ ಕೈ ಚಾಚಿದರು.

ಆಗ ಅಂಬಿಕಾಳ ದನಿ ಇಳಿಯಿತು. "ಟೀಚರ್, ಮುಂಜಾನಿ ಇದರ ಫೋಟೋ ತೆಗೆದು ನಮ್ಮಪ್ಪನ ಫೋನಿನಾಗ ಸ್ಟೇಟಸ್ ಇಟ್ಟೀನ್ರಿ. ಕೈ ಮುಗಿದ ಚಿತ್ರನೂ ಹಾಕೀನಿ."

ಅವಳಪ್ಪ ಭಾಗಣ್ಣನ ಟಂಟಂ ಆಟೋ ಸೇಡಂ, ಚಿತ್ತಾಪುರಗಳ ನಡುವೆ ಓಡುತ್ತದೆ. ಆ ದಾರಿಯಲ್ಲಿ ಅವನ ನಂಬರ್ ಇಲ್ಲದ ಫೋನೇ ಅಪರೂಪ. ಟೀಚರ್ ಗಡಿಬಿಡಿಯಿಂದ ಚೀಲಕ್ಕೆ ಕೈಹಾಕಿದರು. ಶಾಲೆಗೆ ಹೊರಟರೆಂದರೆ ಫೋನಿನ ಸದ್ದು ಅಡಗಿಸುವುದು ಅವರ ಪದ್ಧತಿ. ವಾಡಿಯಿಂದ, ಶಹಾಬಾದದಿಂದ ಹಳೆಯ ವಿದ್ಯಾರ್ಥಿಗಳು ಕರೆ ಮಾಡಿದ್ದರು. ಅವುಗಳ ನಡುನಡುವೆ ಒಂದೇ ಹೆಸರು ಮತ್ತೆ ಮತ್ತೆ ಬಂದಿತ್ತು: ಸಂಗಮೇಶ್ವರ.

ಟೀಚರ್ ಕುರ್ಚಿಯಲ್ಲಿ ಕುಸಿದರು.

ಸಂಗಮೇಶ್ವರ ಅವರ ಒಡಹುಟ್ಟಿದ ತಮ್ಮ, ಸುಲೇಪೇಟದಲ್ಲಿ ಕಿರಾಣಿ ಅಂಗಡಿ ಇಟ್ಟವನು. ತಾಯಿ ತೀರಿಕೊಂಡ ದಿನ ಗುರುದೇವಿ ಪರೀಕ್ಷೆಯ ಕೆಲಸದಲ್ಲಿದ್ದರು, ಫೋನು ಚೀಲದಲ್ಲಿತ್ತು. ಸುದ್ದಿ ತಿಳಿದು ಓಡಿ ಹೋಗುವಷ್ಟರಲ್ಲಿ ಸಮಾಧಿಗೆ ಮಣ್ಣು ಮುಚ್ಚಿಯಾಗಿತ್ತು. "ನಿನಗ ಸಾಲಿನೇ ಅವ್ವ. ನಮ್ಮ ಹೊಸ್ತಿಲ ತುಳೀಬ್ಯಾಡ," ಎಂದಿದ್ದ ತಮ್ಮ. ಅಂದಿನಿಂದ ನಾಗರ ಪಂಚಮಿಗೆ ಕರೆಯಲು ಬಂದಿರಲಿಲ್ಲ. ಸೋದರಳಿಯನ ಮದುವೆಯ ಕಾರ್ಡೂ ಬರಲಿಲ್ಲ. ತವರು ಮುಗಿಯಿತೆಂದು ಟೀಚರ್ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಗಂಡ ರೇವಣಪ್ಪನ ಮುಂದೆಯೂ ಆ ಮಾತು ಎತ್ತುತ್ತಿರಲಿಲ್ಲ.

ತಮ್ಮನ ನಂಬರ್ ಒತ್ತುವಷ್ಟರಲ್ಲಿ ಗೇಟಿನ ಬಳಿ ಮೋಟಾರುಸೈಕಲ್ ನಿಂತ ಸಪ್ಪಳವಾಯಿತು. ಸಾವಿನ ಮನೆಗೆ ಬಂದವರಂತೆ ಸಂಗಮೇಶ್ವರ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು, ಕಾದ ನೆಲದ ಮೇಲೆ ಬರಿಗಾಲಲ್ಲಿ ಬರುತ್ತಿದ್ದ. ಕಂಕುಳಲ್ಲಿ ಒಂದು ಪೊಟ್ಟಣ. ಟೀಚರ್ ಬಾಗಿಲಿಗೆ ಬಂದರು.

ಅವನು ನೋಡಿದ. ಮೆಟ್ಟಿಲ ಮೇಲೆ ದೊಪ್ಪನೆ ಕುಳಿತ.

"ಇದ್ದೀನಿ ತಮ್ಮಾ," ಎಂದರು ಗುರುದೇವಿ. "ಹುಡುಗರು ತಿಳೀಲಾರದ ಹಾರ ಹಾಕ್ಯಾವ."

"ಫೋನ್ ಯಾಕ ಎತ್ತಂಗಿಲ್ಲ ನೀ?" ಅವನ ದನಿ ಒಡೆದಿತ್ತು. "ಅವತ್ತೂ ಎತ್ತಲಿಲ್ಲ, ಇವತ್ತೂ ಎತ್ತಲಿಲ್ಲ. ರೇವಣಪ್ಪ ಮಾವಗ ಮಾಡಿದ್ರ ಅವನೂ ಎತ್ತಲಿಲ್ಲ, ಸಿಮೆಂಟ್ ಫ್ಯಾಕ್ಟರಿ ಒಳಗ. ಸ್ಟೇಟಸ್‌ನಾಗ ಸಾಲಿ ಗೋಡಿ ಕಂಡು ಇಲ್ಲಿಗೇ ಬಂದೆ. ನಾ ಯಾರನ್ನ ಕೇಳ್ಬೇಕು?"

ಇಷ್ಟು ವರ್ಷಗಳ ಮೇಲೆ ಅವನಾಡಿದ ಮೊದಲ ಮಾತು ಬೈಗುಳವಾಗಿತ್ತು. ಇಮಾಮ್‌ಬೀ ತಂಬಿಗೆ ನೀರು ತಂದಳು. "ಕುಡೀರಿ ಅಣ್ಣಾ. ಸತ್ತವರು ನೆಟ್ಟಗ ನಿಂತಾರ, ನೋಡಾಕ ಬಂದವರ ಜೀವ ಹೋಗಾಕತ್ತದ."

ಅವನು ನೀರು ಕುಡಿದು, ಪೊಟ್ಟಣವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ಗುರುದೇವಿಯವರ ಕಣ್ಣು ಅತ್ತ ಹೋಯಿತು. ಕಾಗದ ಹರಿದಲ್ಲಿ ಹಸಿರು ಬಣ್ಣ ಕಾಣುತ್ತಿತ್ತು. ಮುತ್ತೈದೆ ಮಗಳು ಸತ್ತರೆ ಕಡೆಯದಾಗಿ ಉಡಿಸುವುದು ತವರಿನವರು ತಂದ ಹಸಿರು ಸೀರೆಯನ್ನೇ. ಬೇಡವಾದ ಅಕ್ಕನಿಗೆ ಯಾರೂ ಅದನ್ನು ತರುವುದಿಲ್ಲ.

"ಅದೇನದು?"

"ಏನಿಲ್ಲ ಬಿಡು." ತಲೆ ತಗ್ಗಿಸಿದ. "ಬಟ್ಟಿ ಅಂಗಡಿ ಇನ್ನಾ ತೆಗೆದಿದ್ದಿಲ್ಲ. ಬಾಗಿಲ ಬಡದು ಎಬ್ಬಿಸಿ ತಂದೀನಿ."

"ಕೊಡು ಇಲ್ಲಿ."

"ಬ್ಯಾಡಕ್ಕ. ಯಾತಕ್ಕ ತಂದಿದ್ದಂತ ನಿನಗ ಗೊತ್ತದ. ಹೊಳಿಗಿ ಬಿಟ್ಟು ಹೋಗ್ತೀನಿ."

"ನೀ ಮತ್ತೊಮ್ಮಿ ಸೀರಿ ಹಿಡಕೊಂಡು ಬರ್ತೀಯಂತ ನನಗ ಭರೋಸ ಇಲ್ಲ. ಕೊಡು."

ಇಮಾಮ್‌ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೀರೆ ಇಸಿದುಕೊಂಡು ಟೀಚರ್ ಮುಖ್ಯಗುರುಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ಸೀರೆಗೆ ನಿರಿಗೆ ಹಿಡಿಯಲು ಹೊತ್ತಾಯಿತು.

ಹೊರಗೆ ಬಂದಾಗ ಮಕ್ಕಳು ಶಿರಾದ ತಾಟು ಹಿಡಿದು ಪಡಸಾಲೆಯಲ್ಲಿ ಸಾಲಾಗಿ ಕುಳಿತಿದ್ದರು. ತಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಸುಲೇಪೇಟದಿಂದ ದಾರಿಯುದ್ದಕ್ಕೂ ಅವನು ಆ ಸೀರೆಯನ್ನು ಅಕ್ಕನ ಮೈಮೇಲೆ ಕಂಡಿದ್ದ; ಅದನ್ನುಟ್ಟು ನಡೆದುಬರುವುದನ್ನು ಮಾತ್ರ ಕಂಡಿರಲಿಲ್ಲ.

"ಹಿಂಗ್ಯಾಕ ನೋಡ್ತಿ?" ಎಂದರು ಗುರುದೇವಿ. "ಉಂಡು ಹೋಗು, ಕುಂದ್ರು."

ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡು, ಮಕ್ಕಳ ಸಾಲಿನ ಕೊನೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತ. ಅಂಬಿಕಾ ಸರಿದು ಜಾಗ ಕೊಟ್ಟಳು.