ಬಳೆಗಳೊಳಗಿನ ಲಕ್ಕವ್ವ

ನಿಪ್ಪಾಣಿಯ ತಂಬಾಕು ಗೋದಾಮುಗಳ ಹಿಂದಿನ ಓಣಿಯಲ್ಲಿ ‘ಭಾವುಸಾಹೇಬ ಪ್ರಿಂಟರ್ಸ್’ ಎಂಬ ಬೋರ್ಡು ತೂಗುತ್ತಿತ್ತಲ್ಲ, ಆ ಅಂಗಡಿಯಲ್ಲಿ ಭಾವುಸಾಹೇಬನ ಕೆಲಸವೆಂದರೆ ಗಿರಾಕಿಗಳಿಗೆ ಚಹಾ ಕುಡಿಸುವುದು, ಬಟ್ಟೆಯ ಚೌಕಟ್ಟಿನ ಮೇಲೆ ರಬ್ಬರ್ ಪಟ್ಟಿಯಿಂದ ಶಾಯಿ ಎಳೆಯುವುದು. ಮಿಕ್ಕಿದ್ದೆಲ್ಲ ಅವನ ತಂಗಿ ರಾಜಮತಿಯದು. ಬಾಯಿ ಜೋರು ಎಂದು ಗಂಡನ ಮನೆಯವರು ಅವಳನ್ನು ತವರಿಗೆ ಅಟ್ಟಿದ್ದರು. ಜೋರಿತ್ತು, ಸುಳ್ಳೇಕೆ ಹೇಳಬೇಕು? ಅವಳೇನು ಅಳುತ್ತ ಕೂರಲಿಲ್ಲ. ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಓಡಾಡಿ ಕಂಪ್ಯೂಟರ್ ಕಲಿತು ಬಂದಳು. ಲಗ್ನಪತ್ರಿಕೆ, ಬೀಡಿ ಲೇಬಲ್ಲು, ದ್ರಾಕ್ಷಿ ಡಬ್ಬಿಯ ಚಿತ್ರ, ಎಲ್ಲ ಅವಳ ಕೈಯಲ್ಲೇ ತಯಾರಾಗುತ್ತಿದ್ದವು. ಬೋರ್ಡಿನ ಮೇಲೆ ಮಾತ್ರ ಅವಳ ಹೆಸರಿಗೆ ಜಾಗವಿರಲಿಲ್ಲ. ಕೇಳಿದರೆ ಅಣ್ಣ, “ಹೆಣ್ಮಕ್ಕಳ ಹೆಸರ ಓಣ್ಯಾಗ ತೂಗಬಾರದು ರಾಜೂ,” ಎನ್ನುತ್ತಿದ್ದ.

ತೊಂಬತ್ತೇಳರಲ್ಲಿ ಕೊಗನೊಳ್ಳಿಯಾಚೆಯ ಒಂದು ಹಳ್ಳಿಯ ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾದ ಜಾಗವೊಂದು ತೆರವಾಯಿತು. ಕಬ್ಬಿನ ಹೊಲಗಳ ಧಣಿ ಮುರಗೆಪ್ಪ ತನ್ನ ಹೆಂಡತಿ ಲಕ್ಕವ್ವನನ್ನು ಚುನಾವಣೆಗೆ ನಿಲ್ಲಿಸಿದ. ನಿಲ್ಲಿಸಿದ ಎಂದರೆ ಅಷ್ಟೇ. ಊರು ತಿರುಗುವವನು ಅವನು, ಭಾಷಣ ಮಾಡುವವನು ಅವನು, ಗೆದ್ದರೆ ಕುರ್ಚಿಯ ಮೇಲೆ ಕೂರುವವನೂ ಅವನೇ. ಪೋಸ್ಟರ್ ಮಾಡಿಸಲು ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ಬಂದ.

“ನಡಕ ನನ್ನ ಫೋಟೊ ದೊಡ್ಡದ ಬರ್ಲಿ. ಕೆಳಗ ಈಕಿ ಹೆಸರ. ಬಾಜೂಕ ಬಳಿ ಚಿತ್ರ ಹಾಕ್ರಿ, ಅದ ನಮ್ಮ ಚುನಾವಣಿ ನಿಶಾಣಿ.”

“ನಿಂತಾಕಿ ಫೋಟೊ ಎಲ್ಲೈತ್ರಿ ಸಾವ್ಕಾರ?” ಎಂದಳು ರಾಜಮತಿ.

“ಮನಿ ಹೆಣ್ಮಗಳ ಮಾರಿ ತಂದು ಗ್ವಾಡಿಗೆ ಅಂಟಸೂದೇನ್ರಿ? ಹಾದ್ಯಾಗ ಹೋಗವ್ರೆಲ್ಲಾ ನೋಡಬೇಕ?”

ಭಾವುಸಾಹೇಬ ಹೌದ್ರಿ ಹೌದ್ರಿ ಎನ್ನುತ್ತ ಅವನನ್ನು ಚಹಾಕ್ಕೆ ಕರೆದೊಯ್ದ. ಅವರು ಹೊಸ್ತಿಲು ದಾಟಿದ್ದೇ ತಡ, ಮೂಲೆಯ ಸ್ಟೂಲಿನ ಮೇಲೆ ತಲೆ ತುಂಬ ಸೆರಗು ಹೊದ್ದು ಕೂತಿದ್ದ ಲಕ್ಕವ್ವ ಕುಪ್ಪಸದೊಳಗಿಂದ ಒಂದು ಸಣ್ಣ ಫೋಟೊ ತೆಗೆದಳು.

“ಮಂದಿ ನನ್ನ ಮಾರಿ ನೋಡಿ ಮತಾ ಹಾಕ್ಲಿ ಅಕ್ಕಾರ. ಅವರ ಮಾರಿ ನೋಡಿ ಹಾಕಿದ್ರ, ಗೆದ್ದಮ್ಯಾಲೂ ನಾ ಒಲಿ ಮುಂದ ಕುಂದ್ರಾಕಿನ. ನಿಮ್ಮ ಕೈಲೆ ಆಗತೈತೇನ್ರಿ?”

ರಾಜಮತಿ ಫೋಟೊ ಇಸಕೊಂಡಳು. “ಇಟ್ಟ ಹೋಗ್ರಿ. ನಾ ನೋಡ್ಕೋತೀನಿ,” ಎಂದಳು.

ಬಟ್ಟೆಯ ಮೂಲಕ ಶಾಯಿ ಇಳಿಸುವ ಆ ಅಚ್ಚಿನಲ್ಲಿ ಕಪ್ಪು ಅಂದರೆ ಕಪ್ಪು, ಬಿಳಿ ಅಂದರೆ ಬಿಳಿ. ನಡುವಿನ ಬೂದು ಬಣ್ಣ ಇಳಿಯುವುದಿಲ್ಲ. ಅದಕ್ಕೇ ಫೋಟೊವನ್ನು ಕಂಪ್ಯೂಟರಿನಲ್ಲಿ ಚುಕ್ಕೆಚುಕ್ಕೆಯಾಗಿ ಒಡೆಯಬೇಕು. ಚುಕ್ಕೆ ತೀರ ಸಣ್ಣದಾದರೆ ಶಾಯಿ ಕಲಸಿಹೋಗುತ್ತದೆ. ರಾಜಮತಿ ಮುರಗೆಪ್ಪನ ಮುಖಕ್ಕೆ ಬೇಕೆಂದೇ ಸಣ್ಣ ಚುಕ್ಕೆ ಇಟ್ಟಳು. ಮಾದರಿ ನೋಡಲು ಬಂದ ಮುರಗೆಪ್ಪ ಹೌಹಾರಿದ. ಅವನ ಮೀಸೆ ಅವನ ಮುಖವನ್ನೇ ನುಂಗಿ ಕೂತಿತ್ತು.

“ಇದೇನ್ರಿ, ಮಾರಿಗೆ ಮಸಿ ಬಳದಂಗ ಐತಿ. ಬ್ಯಾಡ್ರಿ, ಯಾರ ಮಾರೀನೂ ಬ್ಯಾಡ. ಹಾಳಿ ತುಂಬ ಬಳಿ ಹಾಕ್ರಿ, ಸಾಕ.”

ರಾಜಮತಿಗೆ ಬೇಕಾದದ್ದೂ ಅದೇ. ಕಂಪ್ಯೂಟರಿನಲ್ಲಿ ಒಂದು ಬಳೆ ಬರೆದಳು, ಕಪ್ಪಿದ್ದಲ್ಲಿ ದಪ್ಪ, ಬಿಳಿಯಿದ್ದಲ್ಲಿ ತೆಳ್ಳಗೆ ಮೂಡಲೆಂದು ಅದರ ಅಂಚು ಮಸುಕು ಮಾಡಿದಳು, ದುಂಡು ಚುಕ್ಕೆಯ ಬದಲು ಅದನ್ನೇ ಹಿಡಿ ಎಂದು ಯಂತ್ರಕ್ಕೆ ತಿಳಿಸಿ ಲಕ್ಕವ್ವನ ಫೋಟೊದ ಮೇಲೆ ಹಾಸಿದಳು. ಹುಬ್ಬು, ಕಣ್ಣು, ಕೂದಲಿದ್ದಲ್ಲಿ ದಪ್ಪ ಬಳೆಗಳು ಬಂದವು. ಹಣೆ, ಕೆನ್ನೆಯಲ್ಲಿ ನೂಲಿನಂಥವು. ಹತ್ತಿರದಿಂದ ನೋಡಿದರೆ ಬಳೆಗಾರನ ಅಂಗಡಿ. ರಸ್ತೆಯ ಆಚೆ ಬದಿಗೆ ಹೋಗಿ ನೋಡಿದರೆ ಲಕ್ಕವ್ವ. ಕೈ ಚಾಚಿದರೆ ಎದುರು ಗೋಡೆ ಸಿಗುವ ಆ ಅಂಗಡಿಯಲ್ಲಿ ಮುರಗೆಪ್ಪ ಮೇಜಿಗೆ ಬಾಗಿ ನೋಡಿ, “ಛಲೋ ತುಂಬೀರಿ,” ಎಂದು ತಲೆದೂಗಿದ. ಎಲ್ಲವನ್ನೂ ಅಚ್ಚು ಹೊಡೆದ ಭಾವುಸಾಹೇಬನಿಗೂ ಗೊತ್ತಾಗಲಿಲ್ಲ.

ಊರಿಗೆ ಗೊತ್ತಾಯಿತು. ಚಾವಡಿಯ ಗೋಡೆಗೆ ಪೋಸ್ಟರ್ ಬಿದ್ದ ದಿನವೇ ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ, “ಲಕ್ಕವ್ವ ನೋಡಾಕತ್ತಾಳ,” ಎನ್ನತೊಡಗಿದರು. ಮುರಗೆಪ್ಪ ಒಂದನ್ನು ಕಿತ್ತುಕೊಂಡು, ಹೆಂಡತಿಯನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಿಪ್ಪಾಣಿಗೆ ಬಂದ.

“ಈ ಮಾರಿ ಯಾರ ಹಾಕಂದ್ರು ನಿಮಗ?” ಎಂದು ಪೋಸ್ಟರನ್ನು ಮೇಜಿನ ಮೇಲೆ ಬಡಿದ.

“ಎಲ್ಲೈತ್ರಿ ಮಾರಿ? ತೋರಸ್ರಿ,” ಎಂದಳು ರಾಜಮತಿ.

ಅವನು ಬಾಗಿ ನೋಡಿದ. ಬರೀ ಬಳೆ. ಬೆರಳಿಟ್ಟು ತೋರಿಸಲು ಹೋದರೆ ಬೆರಳಿನಡಿ ಬಳೆ. ಅವನ ಕಿವಿ ಕೆಂಪಾದವು. ಭಾವುಸಾಹೇಬ ಕೈ ಮುಗಿದು, “ತಪ್ಪಾತ್ರಿ, ಬ್ಯಾರೆ ಹೊಡದ ಕೊಡ್ತೀವಿ,” ಎಂದ.

“ನಾ ಮಾಡಂಗಿಲ್ಲ ದಾದಾ. ಕಂಪ್ಯೂಟರ ಅಲ್ಲೈತಿ, ನೀ ಮಾಡು,” ಎಂದಳು ರಾಜಮತಿ ಅಣ್ಣನಿಗೆ.

ಅದನ್ನು ಚಾಲೂ ಮಾಡುವುದೂ ಭಾವುಸಾಹೇಬನಿಗೆ ಬರುತ್ತಿರಲಿಲ್ಲ. ರಾಜಮತಿ ಪೋಸ್ಟರ್ ಎತ್ತಿಕೊಂಡು ಹೊರಗೆ ಹೋಗಿ, ಅಣ್ಣನ ಬೋರ್ಡಿನ ಮೇಲೆಯೇ, ಅವನ ಹೆಸರು ಮುಚ್ಚುವಂತೆ ಅಂಟಿಸಿದಳು. ಲಕ್ಕವ್ವ ಓಣಿ ದಾಟಿ ಆಚೆ ಗೋದಾಮಿನ ಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದಳು. ತಲೆಯ ಸೆರಗು ಜಾರಿತು. ಅವಳು ಎಳೆದುಕೊಳ್ಳಲಿಲ್ಲ.

“ಊರಾಗಿನ್ವು ಎಲ್ಲಾ ಹರದ ಒಗೀತೀನಿ,” ಎಂದ ಮುರಗೆಪ್ಪ ಬಾಗಿಲಲ್ಲಿ ನಿಂತು.

“ಹರೀರಿ,” ಎಂದಳು ಲಕ್ಕವ್ವ. “ಹತ್ತರ ಹೋದ್ರ ಬರೇ ಬಳಿ. ಮುರಗೆಪ್ಪ ತನ್ನ ನಿಶಾಣಿ ತಾನ ಹರ್ಯಾಕತ್ತಾನ ಅಂತ ಊರ ನಗತೈತಿ.”

ಮುರಗೆಪ್ಪ ಗಾಡಿಯನ್ನು ಒದ್ದು ಚಾಲೂ ಮಾಡಿ, “ಏರು, ಮನಿಗೆ ಹೋಗೂನು,” ಎಂದ.

“ನೀವು ಮುಂದ ನಡೀರಿ,” ಎಂದಳು ಲಕ್ಕವ್ವ, ಬೋರ್ಡಿನಿಂದ ಕಣ್ಣು ತೆಗೆಯದೆ. “ನನ್ನ ನಾ ಇನ್ನೊಂದೀಟು ನೋಡ್ಕೊಂಡು, ಬಸ್ಸಿಗೆ ಬರ್ತೀನಿ.”