ಮ್ಯೂಸಿಯಂ ಸಾಹೇಬರು ಭೀಮೆಗೆ ಇಳಿದದ್ದು

ನಮ್ಮ ಸೀಮೆಯ ಕಲೆಗೆಂದೇ ತೆರೆದ ಮ್ಯೂಸಿಯಂಗೆ ಅವರು ಸಾಹೇಬರು. ಹೊಟ್ಟೆಬಟ್ಟೆ ಕಟ್ಟಿ ಓದಿ, ಮನೆತನಕ್ಕೇ ಮೊದಲ ಬಿ.ಎ. ಆದ ನಾನು ಅವರ ಸಹಾಯಕ. ಹಳೆಯ ವಸ್ತು ಕಂಡರೆ ಸಾಹೇಬರು, ಮುಟ್ಟುವ ಮೊದಲೇ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು. "ಬಿಟ್ರ ಹೋತು ನೋಡಪಾ" ಎನ್ನುವುದು ಅವರ ಮಾತು.

ತೊಗಲುಗೊಂಬೆ ಆಡಿಸುವವರು ಸವೆದ ಗೊಂಬೆಯನ್ನು ಸತ್ತ ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡಿ ಹೊಳೆಗೆ ಬಿಡುತ್ತಾರೆ. ಅಫಜಲಪುರದ ಕಡೆ ಹಳೆಯ ರಾಣಿ ಗೊಂಬೆಯೊಂದನ್ನು ಬಿಡುವ ಸುದ್ದಿ ತಿಳಿದು ಜೀಪಿನಲ್ಲಿ ಧಾವಿಸಿದೆವು. ಅಷ್ಟು ಹಳೆಯದು ನಮ್ಮಲ್ಲಿ ಒಂದೂ ಇರಲಿಲ್ಲ. ಗೊಂಬೆ ಆಡಿಸುವ ಮುದುಕ ಆಗಲೇ ಅದನ್ನು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಸಾಹೇಬರು ಬೂಟಿನಲ್ಲೇ ಇಳಿದರು. ಮುದುಕನ ಮಕ್ಕಳೂ ಇಳಿದು ಅವರನ್ನು ಸುತ್ತುವರಿದರು.

"ಯಜಮಾನ್ರ, ಈಕೀನ ನನಗ ಕೊಡ್ರಿ. ಗಾಜಿನ ಕಪಾಟಿನ್ಯಾಗ ಜ್ವಾಕಿ ಮಾಡ್ತೇನಿ."

"ನಿಮ್ಮವ್ವ ಸತ್ರ ಕಪಾಟಿನ್ಯಾಗ ಇಡ್ತೀರೇನ್ರಿ?" ಎಂದ ಮುದುಕ.

ದೊಡ್ಡ ಮಗ ಸಾಹೇಬರ ರಟ್ಟೆ ಹಿಡಿದ. "ಸಾಹೇಬ್ರಿಗಿ ಈಜಾಕ ಬರ್ತದೋ ಇಲ್ಲೋ ನೋಡೂಣೇನಪಾ?"

ದಂಡೆಯ ಮೇಲಿದ್ದ ನಾನು ಚಪ್ಪಲಿ ಕಳಚಿದೆ.

ಮುದುಕ ಮಗನ ಕೈ ಬಿಡಿಸಿ, ಗೊಂಬೆಯನ್ನು ಸಾಹೇಬರಿಗೇ ಕೊಟ್ಟ. "ನಮ್ಮಜ್ಜನ ಕಾಲದಾಕಿ. ನಮ್ಮನ್ನೆಲ್ಲಾ ಸಾಕ್ಯಾಳ. ಒಯ್ಯೂದಿದ್ರ ಒಯ್ಯಿರಿ, ನಾ ತಡ್ಯಾಂಗಿಲ್ಲ."

ಜೀಪು ಅಲ್ಲೇ ಇತ್ತು. ಸಾಹೇಬರು ಗೊಂಬೆಯನ್ನು ಎತ್ತಿ ಹಿಡಿದರು. ಬಿಸಿಲು ತೊಗಲನ್ನು ಹಾಯ್ದು ಅವರ ಬಿಳಿ ಅಂಗಿಯ ಮೇಲೆ ಕೆಂಪಗೆ ಬಿತ್ತು. ಜೀಪಿನತ್ತ ಒಮ್ಮೆ, ಮುದುಕನತ್ತ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, ತಾವೇ ಅವಳನ್ನು ನೀರಿಗೆ ಬಿಟ್ಟರು.

ಸಾಹೇಬರು ದಂಡೆ ಹತ್ತುವಾಗ ಮುದುಕ ಕೂಗಿದ: "ಮಣ್ಣು ಮಾಡಿ ಹಂಗ ಮನೀಗಿ ಹೋಗಬಾರದ್ರಿ ಸಾಹೇಬ್ರ. ಜಳಕಾ ಮಾಡ್ರಿ."

ಸಾಹೇಬರು ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, ತಿರುಗಿ ಹೊಳೆಗಿಳಿದು ಮುಳುಗಿದರು.