ಮರುಸೊಲ್ಲು

ಹತ್ತಿಮತ್ತೂರಿನ ಹೊಲಗಳಲ್ಲಿ ಕಳೆ ತೆಗೆಯುವಾಗ ಮುಂದಾಳು ಹೆಂಗಸು ಹಾಡಿನ ಸೊಲ್ಲೆತ್ತಬೇಕು, ಉಳಿದವರು ಮರುಸೊಲ್ಲು ಹೇಳಬೇಕು. ೧೯೭೮ರ ಶ್ರಾವಣದಲ್ಲಿ ಆ ಹೊಣೆ ನೀಲವ್ವನಿಗೆ ಬಂತು. ಹೆಂಗಸರು ನಾಳೆಯೂ ತನ್ನ ಹಿಂದೆ ಬರುತ್ತಾರೋ ಇಲ್ಲವೋ ಎಂಬ ತಳಮಳ ಅವಳಿಗೆ. ತನ್ನ ಚುರುಕು ತೋರಿಸಲೆಂದು ಸರಸರನೆ ಕಳೆ ಕೀಳುತ್ತ ಸಾಲಿನ ತುದಿ ಮುಟ್ಟಿ ಸೊಲ್ಲೆತ್ತಿದಳು. ಮರುಸೊಲ್ಲು ಬರಲಿಲ್ಲ. ಇನ್ನೂ ಗಟ್ಟಿಯಾಗಿ ಹಾಡಿದಳು.

"ಏ ನೀಲಿ, ಸವಣೂರ ಸಂತಿಗೆ ಹೊಂಟೀಯೇನ? ನಿನ್ನ ಹಾಡು ನಮಗ ಕೇಳೂದು ಬ್ಯಾಡೇನು?" ಎಂದು ಎಲ್ಲರಿಗಿಂತ ಹಿಂದಿದ್ದ ಮುದುಕಿ ಕಲ್ಲವ್ವ ಕೂಗಿದಳು. ಹೆಂಗಸರೆಲ್ಲ ನಕ್ಕರು.

ನೀಲವ್ವ ತಿರುಗಿ ಬಂದು ಕಲ್ಲವ್ವನ ಸಾಲಿನಲ್ಲೇ ಕುಳಿತು ಹಾಡಿದಳು. ಹೊಲವೆಲ್ಲ ಮರುಸೊಲ್ಲು ಹೇಳಿತು.

"ನಾಳೆ ಬರ್ತೀರೇನ್ರಿ?" ಎಂದು ನೀಲವ್ವ ಹಾಡಿನ ನಡುವೆಯೇ ಕೇಳಿದಳು.

"ಮೊದಲ ಈ ಹಾಡು ಮುಗಸವ್ವಾ!" ಎಂದಳು ಕಲ್ಲವ್ವ.

ಮುಂದೆ ಎಷ್ಟೋ ವರ್ಷ ಅವಳೇ ಮುಂದಾಳು. ಓಡಲು ತವಕಿಸುವ ಕೈಯನ್ನು ಮಾತ್ರ ದಿನಾ ತಡೆದು ಹಿಡಿಯಬೇಕಾಗುತ್ತಿತ್ತು.